ಮರಿಯ ವ್ಯಾಕ್ಸಿನ್ ಕಾರ್ಡ್ ಆಮೇಲೆ, ಮೊದಲು ನಿಮ್ಮ ಬೆಕ್ಕಿನ ಕಾರ್ಡ್ ಎಲ್ಲಿದೆ ನೋಡಿ

ಸೀನುತ್ತಿರುವ ಬೆಕ್ಕಿನ ಮರಿ, ಅಂಟಿಕೊಂಡ ಕಣ್ಣು, ಬೀದಿ ಮರಿಗಳನ್ನು ತಂದು ಸಾಕಲು ಕೊಡುವ ರೆಸ್ಕ್ಯೂದವರ ಬಾಯಲ್ಲಿ "ವ್ಯಾಕ್ಸಿನ್ ಆಗಿದೆ", ಕೈಯಲ್ಲಿ ಒಂದು ಚೀಟಿಯೂ ಇಲ್ಲ, ಮನೆಯಲ್ಲಿ ಆಗಲೇ ಒಂದು ಬೆಕ್ಕು. ತರಲಾ, ಬಿಡಲಾ ಅಂತ ಕೇಳಿದ್ದೀರಿ. ಇದು ನನ್ನದೇ ಕಥೆ. ನೀವು ಮುಂಬೈ ಪಕ್ಕದ ಠಾಣೆ ಊರಿನವರು, ನಾನು ಡೊಂಬಿವಲಿಯವನು, ಅಷ್ಟೇ ವ್ಯತ್ಯಾಸ.

ನಾನು ಹೋಗಿದ್ದು ಒಂದು ಭಾನುವಾರ. ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ಹಳಿ ದುರಸ್ತಿಯ ಮೆಗಾಬ್ಲಾಕ್ ಬೇರೆ. ಕಲ್ಯಾಣ ದಾಟಿ ಇಳಿದು, ರಿಕ್ಷಾ ಹಿಡಿದು, ಗಲ್ಲಿ ಗಲ್ಲಿ ಸುತ್ತಿ ಹುಡುಕಿದೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಹೂವಿನ ಚೌಕಟ್ಟಿನೊಳಗೆ ಕೂತಿದ್ದ ಮರಿ ಅಲ್ಲಿ ತಗಡಿನ ಶೆಡ್ಡಿನಲ್ಲಿತ್ತು. ಒಂದರ ಮೇಲೊಂದು ಪೇರಿಸಿದ ಪಂಜರಗಳು, ಮೇಲಿನದರ ಉಚ್ಚೆ ಕೆಳಗಿನದಕ್ಕೆ ತೊಟ್ಟಿಕ್ಕುತ್ತಿತ್ತು. ಮೂಗು ಉರಿಯುವಷ್ಟು ನಾತ. ಒಬ್ಬಳು ಹುಡುಗಿ, ಪಾಪ ಕಾಲೇಜಿಗೆ ಹೋಗುವವಳಿರಬೇಕು, ಒಂದೇ ಒದ್ದೆ ಬಟ್ಟೆ ಹಿಡಿದು ಸಾಲಾಗಿ ಎಲ್ಲ ಮರಿಗಳ ಕಣ್ಣು ಒರೆಸುತ್ತಾ ಬರುತ್ತಿದ್ದಳು. ಒಂದರ ಪಿಸುರು ಇನ್ನೊಂದರ ಕಣ್ಣಿಗೆ. ಆ ಬಟ್ಟೆಯನ್ನು ನಾನು ನೋಡಿದೆ. ನೋಡಿಯೂ ಮರಿ ಎತ್ತಿಕೊಂಡೆ.

ವ್ಯಾಕ್ಸಿನ್ ಆಗಿದ್ಯಾ ಅಂದರೆ "ಹೋ ಗಯಾ, ಹೋ ಗಯಾ". ಕಾರ್ಡ್ ಕೇಳಿದರೆ ಆಮೇಲೆ ಕಳಿಸ್ತೀವಿ ಅಂದರು. 500 ರೂಪಾಯಿ ಡೊನೇಷನ್, ರಸೀದಿ ಇಲ್ಲ. ತಿಂಗಳಾದ ಮೇಲೆ ಜಗಳ ಮಾಡಿ ಕೇಳಿದಾಗ ಗೊತ್ತಾಯಿತು, ಅವರು ಹಾಕಿದ್ದು ಜಂತಿನ ಔಷಧಿ. ಅದನ್ನೇ ವ್ಯಾಕ್ಸಿನ್ ಅಂದಿದ್ದರು. ಅವರನ್ನು ಬೈಯಲು ಕೂತರೆ ರಾತ್ರಿಯಾಗುತ್ತದೆ. ಆದರೆ ನನ್ನ ಮನೆಯಲ್ಲಿ ಆದದ್ದಕ್ಕೆ ಅವರ ಪಾಲು ಅರ್ಧ. ಉಳಿದರ್ಧ ನನ್ನದು, ಅದನ್ನೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಕಡ್ಲೆ ಇದ್ದಳು. ಎರಡೂವರೆ ವರ್ಷ. ಮಳೆಗಾಲದಲ್ಲಿ ಮೀನು ಮಾರ್ಕೆಟ್ ಹತ್ತಿರ ನೆನೆದು ಕೂತಿದ್ದವಳನ್ನು ಹೆಂಡತಿ ತಂದಿದ್ದು. ಎಂಟು ವಾರದವಳಿದ್ದಾಗ ಮೊದಲ ಇಂಜೆಕ್ಷನ್ ಹಾಕಿಸಿದೆ, ಬೆಕ್ಕಿನ ಮೂರು ರೋಗ ತಡೆಯುವ ಟ್ರೈಕ್ಯಾಟ್ ಅಂತಾರಲ್ಲ, ಅದು. ಮೂರು ವಾರ ಬಿಟ್ಟು ಬನ್ನಿ ಅಂದರು ಡಾಕ್ಟರ್. ನಾನು ಹೋಗಲಿಲ್ಲ. ಯಾಕೆ ಅಂತ ಕೇಳಿದರೆ ಕಾರಣ ಎಲ್ಲ ಸಣ್ಣಸಣ್ಣವು. ಬುಟ್ಟಿಯಲ್ಲಿ ಹಾಕಿದರೆ ರಿಕ್ಷಾದವನೂ ತಿರುಗಿ ನೋಡುವ ಹಾಗೆ ಅರಚುತ್ತಿದ್ದಳು. ಆ ವಾರ ಆಫೀಸಿನಲ್ಲಿ ತಿಂಗಳ ಕೊನೆಯ ಲೆಕ್ಕ. ಮುಂದಿನ ವಾರ ಜ್ವರ. ಆಮೇಲೆ ಒಂದು ಸಮಾಧಾನ ಹುಟ್ಟಿಕೊಂಡಿತು: ಮೂರನೇ ಮಹಡಿ, ಕಿಟಕಿಗೆಲ್ಲ ಜಾಳಿಗೆ, ಹೊರಗೇ ಹೋಗದ ಬೆಕ್ಕಿಗೆ ರೋಗ ಎಲ್ಲಿಂದ ಬರಬೇಕು? ಕುಂದಾಪುರದಿಂದ ಅಮ್ಮ ಫೋನಿನಲ್ಲಿ "ಬೆಕ್ಕಿಗೂ ಇಂಜೆಕ್ಷನಾ ಮಾರಾಯ" ಅಂತ ನಕ್ಕರು, ನಾನೂ ನಕ್ಕೆ. ಊರಲ್ಲಿ ಅಟ್ಟದ ಮೇಲೆ ಹುಟ್ಟಿದ ಮರಿಗಳು ಮೀನಿನ ಮುಳ್ಳು ತಿಂದುಕೊಂಡು ಬೆಳೆಯುತ್ತವೆ ನಿಜ. ಆದರೆ ಐದರಲ್ಲಿ ಎಷ್ಟು ಉಳಿದವು ಅಂತ ನಾವು ಯಾವತ್ತಾದರೂ ಎಣಿಸಿದ್ದೀವಾ?

ಒಂದು ಡೋಸ್ ಆಗಿದೆಯಲ್ಲ, ಏನೋ ಸ್ವಲ್ಪ ರಕ್ಷಣೆ ಇರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಇದು ಶುದ್ಧ ತಪ್ಪು ತಿಳುವಳಿಕೆ, ನೀವೂ ಹಾಗೇ ಅಂದುಕೊಂಡಿದ್ದರೆ ದಯವಿಟ್ಟು ಬಿಟ್ಟುಬಿಡಿ. ಮರಿ ಹುಟ್ಟಿದಾಗ ತಾಯಿಯ ಮೊದಲ ಹಾಲಿನಿಂದ ಅದಕ್ಕೆ ರೋಗ ತಡೆಯುವ ಶಕ್ತಿ ಬರುತ್ತದೆ. ಆ ಶಕ್ತಿ ರೋಗವನ್ನೂ ತಡೆಯುತ್ತದೆ, ಹಾಕಿಸಿದ ವ್ಯಾಕ್ಸಿನ್ನನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವಾಗ ಇಳಿಯುತ್ತದೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ಥರ. ಕೆಲವಕ್ಕೆ ಎಂಟು ವಾರಕ್ಕೇ, ಕೆಲವಕ್ಕೆ ಹದಿನಾರು ವಾರದ ತನಕ. ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ದಾಟುವವರೆಗೆ ಹಾಕಿಸಿ ಅನ್ನುವುದು. ಮೊದಲ ಡೋಸ್ ಹಿಡಿಯದಿದ್ದರೆ ಎರಡನೆಯದು, ಅದೂ ಹಿಡಿಯದಿದ್ದರೆ ಮೂರನೆಯದು. ನಾನು ಹಾಕಿಸಿದ ಆ ಒಂದು ಡೋಸ್ ಕಡ್ಲೆಗೆ ಹಿಡಿದಿರಲೇ ಇಲ್ಲ ಅಂತ ಕಾಣುತ್ತದೆ. ಎರಡೂವರೆ ವರ್ಷ ಖಾಲಿ ಕೈಯಲ್ಲಿ ಕೂತಿದ್ದಳು.

ಮರಿ ತಂದ ಮರುದಿನ ಡಾಕ್ಟರ್ ನೋಡಿದರು. ತೂಕ 610 ಗ್ರಾಂ. ಶೀತ, ಕಣ್ಣಿಗೆ ಡ್ರಾಪ್ಸ್, ಎರಡು ವಾರ ಬೇರೆ ಕೋಣೆಯಲ್ಲಿಡಿ. ನಮ್ಮದು ಒನ್ ಬಿಎಚ್‌ಕೆ, ಬೇರೆ ಕೋಣೆ ಅಂದರೆ ಬಚ್ಚಲು. ಮರಿ ರಾತ್ರಿಯಿಡೀ ಬಾಗಿಲು ಕೆರೆದು ಅಳುತ್ತಿತ್ತು. ಮೂರೇ ದಿನ ತಡೆದೆವು. ಬುಧವಾರ ರಾತ್ರಿ ಬಾಗಿಲು ತೆಗೆದೆ. ಕಡ್ಲೆ ಒಂದು ಸಲ ಬುಸ್ ಅಂದಳು, ಆಮೇಲೆ ಕೂತು ಅದರ ತಲೆ ನೆಕ್ಕತೊಡಗಿದಳು. ಫೋಟೋ ತೆಗೆದು ಬಂಧು ಬಳಗಕ್ಕೆಲ್ಲ ಕಳಿಸಿದೆವು.

ಶುಕ್ರವಾರ ಮರಿ ಹಳದಿ ನೊರೆ ಕಕ್ಕಿತು. ನೀರಿನ ಬಟ್ಟಲ ಮೇಲೆ ತಲೆ ಬಗ್ಗಿಸಿ ಕೂತಿತ್ತು, ಗದ್ದ ನೀರಿಗೆ ತಾಗುವಷ್ಟು ಹತ್ತಿರ, ಆದರೆ ಕುಡಿಯುತ್ತಿರಲಿಲ್ಲ. ಇದನ್ನು ನೋಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 900, ಇರಬೇಕಾದದ್ದು ಐದೂವರೆ ಸಾವಿರದ ಮೇಲೆ. ನಾಯಿಮರಿಗಳಿಗೆ ವಾಂತಿ ಭೇದಿ ತರುವ ಪಾರ್ವೋ ವೈರಸ್ಸಿನ ಕಿಟ್‌ನಲ್ಲೇ ಮಲ ಪರೀಕ್ಷೆ ಮಾಡಿದರು, ಎರಡು ಗೆರೆ ಬಂತು, ಅಂದರೆ ರೋಗ ಇದೆ. ಪ್ಯಾನ್‌ಲ್ಯೂಕೋಪೀನಿಯಾ, ಬೆಕ್ಕುಗಳನ್ನು ಕೊಲ್ಲುವ ವೈರಸ್ ರೋಗ. ನಾಯಿ ಪಾರ್ವೋದ ದಾಯಾದಿ ಅಂದುಕೊಳ್ಳಿ. ವೈರಸ್ಸಿಗೆ ನೇರ ಮದ್ದಿಲ್ಲ. ಸಲೈನ್, ವಾಂತಿಗೆ ಇಂಜೆಕ್ಷನ್, ಆಂಟಿಬಯೋಟಿಕ್, ಐದು ದಿನ ಹೋಗಿ ಬಂದೆವು.

"ಮನೆ ಬೆಕ್ಕಿನ ಕಾರ್ಡ್ ತನ್ನಿ" ಅಂದರು ಡಾಕ್ಟರ್. ಗ್ಯಾಸ್ ಪುಸ್ತಕ, ಕರೆಂಟ್ ಬಿಲ್ಲುಗಳ ಅಡಿಯಲ್ಲಿ ಸಿಕ್ಕಿತು. ಮೊದಲ ಸಾಲಿನಲ್ಲಿ ವ್ಯಾಕ್ಸಿನ್ ಸೀಸೆಯಿಂದ ಕಿತ್ತು ಅಂಟಿಸಿದ ಪುಟ್ಟ ಲೇಬಲ್. ಎರಡನೇ ಸಾಲಿನಲ್ಲಿ ಅವರದೇ ಅಕ್ಷರದಲ್ಲಿ ತಾರೀಕು, ಪಕ್ಕದ ಜಾಗ ಖಾಲಿ. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮರಿ ಬದುಕಿತು. ಕಡ್ಲೆ ಮುಂದಿನ ಗುರುವಾರ ಊಟ ಬಿಟ್ಟಳು, ಶನಿವಾರ ಬೆಳಿಗ್ಗೆ ಹೋದಳು. ಎಲ್ಲ ಸೇರಿ 14,000 ಖರ್ಚು.

ಆರು ತಿಂಗಳು ನಾನು ಆ ಮರಿಯನ್ನು ಹೆಸರಿಟ್ಟು ಕರೆಯಲಿಲ್ಲ. ಊಟ ಹಾಕುತ್ತಿದ್ದೆ, ಅಷ್ಟೇ. ಕೊನೆಗೆ ಹೆಂಡತಿಯೇ ಪಾರು ಅಂತ ಇಟ್ಟಳು, ಪಾರ್ವೋದಿಂದ ಪಾರಾದವಳು ಅಂತ.

ಈಗ ನಿಮ್ಮ ವಿಷಯ. ತರಲಾ ಬಿಡಲಾ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. "ನಮ್ಮ ಬೆಕ್ಕು ಆರೋಗ್ಯವಾಗಿದೆ" ಅಂತ ಬರೆದಿದ್ದೀರಿ. ಕಡ್ಲೆಯೂ ಆರೋಗ್ಯವಾಗಿಯೇ ಇದ್ದಳು. ಡೋಸ್ ಪೂರ್ತಿ ಆಗಿದೆಯಾ, ಕಾರ್ಡಿನಲ್ಲಿ ಲೇಬಲ್ ಇದೆಯಾ ಹೇಳಿ. ಇಲ್ಲದಿದ್ದರೆ ಆ ಮರಿ ನಿಮ್ಮ ಹೊಸ್ತಿಲು ದಾಟಬಾರದು, ಒಂದು ರಾತ್ರಿಯ ಮಟ್ಟಿಗೂ. ನಾಳೆಯೇ ನಿಮ್ಮ ಬೆಕ್ಕನ್ನು ಕರೆದುಕೊಂಡು ಹೋಗಿ, ಎಷ್ಟು ದಿನ ಕಾಯಬೇಕು ಅಂತ ಡಾಕ್ಟರನ್ನೇ ಕೇಳಿ.

ಅಷ್ಟರಲ್ಲಿ ಮರಿ ಸತ್ತರೆ ಅಂತೀರಿ. ನೀವು ಬಿಟ್ಟರೆ ಸಾಯುತ್ತದೆ ಅಂತ ರೆಸ್ಕ್ಯೂದವರು ಅಂದರಂತಲ್ಲ, ನನಗೂ ಅಂದಿದ್ದರು. ಅದು ನಿಮ್ಮ ಮೇಲೆ ಪಾಪ ಹೊರಿಸಿ ಪಂಜರ ಖಾಲಿ ಮಾಡುವ ಮಾತು. ನೀವು ಖಾಲಿ ಮಾಡಿದ ಪಂಜರ ಸಂಜೆಯೊಳಗೆ ತುಂಬುತ್ತದೆ. ಮನಸ್ಸು ಕೇಳದಿದ್ದರೆ ಅಲ್ಲಿಂದ ನೇರ ಡಾಕ್ಟರ್ ಹತ್ತಿರ ಒಯ್ದು ಪರೀಕ್ಷೆ ಮಾಡಿಸಿ, ಬೆಕ್ಕೇ ಇಲ್ಲದ ಗೆಳೆಯರ ಮನೆಯಲ್ಲಿ ಎರಡು ವಾರ ಇಡಿ, ಖರ್ಚು ನೀವು ಕೊಡಿ. ನಿಮ್ಮ ಬೆಕ್ಕಿಗೆ ಎಲ್ಲ ಡೋಸ್ ಆಗಿದ್ದರೆ ಮಾತ್ರ ಮನೆಗೆ. ಆಗಲೂ ಎರಡು ವಾರ ಬೇರೆ ಕೋಣೆ, ಆ ಕೋಣೆಗೇ ಅಂತ ಒಂದು ಜೊತೆ ಚಪ್ಪಲಿ, ಒಂದು ಹಳೇ ಶರ್ಟು. ನಿಮ್ಮ ಬೆಕ್ಕಿಗೆ ಮೊದಲು ಊಟ, ಆಮೇಲೆ ಮರಿಗೆ, ಆಮೇಲೆ ಸೋಪಿನಲ್ಲಿ ಕೈ.

ನೆಲ ಒರೆಸಲು ಫಿನೈಲ್, ಡೆಟಾಲ್ ಬೇಡವೇ ಬೇಡ. ನಾನು ದಿನಕ್ಕೆರಡು ಸಲ ಫಿನೈಲ್ ಹಾಕಿ ಒರೆಸಿ ಬೀಗುತ್ತಿದ್ದೆ. ಈ ವೈರಸ್ಸನ್ನು ಅದು ಕೊಲ್ಲುತ್ತದೆ ಅಂತ ನಂಬುವ ಹಾಗಿಲ್ಲ, ಪಾದ ನೆಕ್ಕುವ ಬೆಕ್ಕಿಗಂತೂ ವಿಷವೇ. ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಒಂದು ಲೀಟರ್ ನೀರಿಗೆ 30 ಮಿಲಿ ಬ್ಲೀಚ್ ಹಾಕಿ ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆಯಬೇಕು. ಮೈ ಬಿಸಿ ಇದೆ ಅಂತ ಕ್ರೋಸಿನ್ ಹಾಕಿಬಿಡಬೇಡಿ, ಬೆಕ್ಕು ಸಾಯುತ್ತದೆ. ಖಾಸಗಿ ಕ್ಲಿನಿಕ್ ದುಬಾರಿ ಅನಿಸಿದರೆ ಮುಂಬೈಯ ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆ ಇದೆ, ನೂರು ವರ್ಷಕ್ಕೂ ಹಳೆಯದು.

ಅಂದ ಹಾಗೆ, ಬೆಕ್ಕನ್ನು ಒಯ್ಯಲು ಬುಟ್ಟಿ ಇಲ್ಲ ಅಂತ ಬರೆದಿದ್ದೀರಿ. ನನ್ನ ಹತ್ತಿರ ಎರಡಿವೆ, ಎರಡೂ ಪ್ಲಾಸ್ಟಿಕ್ಕಿನವು, ಬ್ಲೀಚಿನಲ್ಲಿ ತೊಳೆದವು. ಠಾಣೆ ಸ್ಟೇಷನ್ನಿಗೆ ಬೇಕಾದರೆ ತಂದುಕೊಡುತ್ತೇನೆ. ಈ ಭಾನುವಾರ ಮಾತ್ರ ಬೇಡ, ಪಾರುವಿನ ಈ ವರ್ಷದ ಇಂಜೆಕ್ಷನ್ ಇದೆ.