ಕುದುರೆಮುಖದ ಹಾದಿಗೆ ದಿನಕ್ಕೆ 300 ಮಂದಿಯ ಮಿತಿ ಏಕೆ?

ಪ್ರಶ್ನೆ: ದೀಪಾವಳಿ ರಜೆಯಲ್ಲಿ ಕುದುರೆಮುಖ ಶಿಖರ ಹತ್ತಬೇಕೆಂದು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೂರು ಬಾರಿ ಪ್ರಯತ್ನಿಸಿದರೂ ಟಿಕೆಟ್ ಸಿಗಲಿಲ್ಲ. ದಿನಕ್ಕೆ 300 ಮಂದಿಗಷ್ಟೇ ಅವಕಾಶವಂತೆ. ಮೇಲೆ ಇರುವುದು ದಟ್ಟ ಕಾಡೂ ಅಲ್ಲ, ಬರೀ ಹುಲ್ಲಿನ ಬೋಳುಗುಡ್ಡ. ನಡೆದು ಹೋಗುವವರಿಂದ ಅದಕ್ಕೇನು ಹಾನಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ನಿರಾಸೆ ಅರ್ಥವಾಗುತ್ತದೆ. ಆದರೆ ನೀವು ಬೋಳುಗುಡ್ಡವೆಂದು ಕರೆದ ಆ ನೆಲವೇ ಈ ಮಿತಿಗೆ ಕಾರಣವಾಗಿರುವುದರಿಂದ, ಅದರ ಸ್ವಭಾವವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಕುದುರೆಮುಖದ ಎತ್ತರದಲ್ಲಿರುವುದು ಮರ ಕಡಿದು ಉಳಿದ ಖಾಲಿ ಜಾಗವಲ್ಲ. ಗುಡ್ಡದ ಮೈಯೆಲ್ಲ ಹುಲ್ಲು, ಕಣಿವೆಯ ಮಡಿಲಲ್ಲಿ ಮಾತ್ರ ಶೋಲಾ ಎಂದು ಕರೆಯುವ ಗಿಡ್ಡ ಮರಗಳ ನಿತ್ಯಹರಿದ್ವರ್ಣ ಕಾಡು ಎಂಬ ಈ ಜೋಡಣೆ ಬಹು ಪುರಾತನವಾದದ್ದು. ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯನ್ನು ಮೊದಲು ಎದುರಿಸುವುದು ಈ ಹುಲ್ಲು. ಅದರ ಬೇರಿನ ಹೆಣಿಗೆ ನೀರನ್ನು ಹಿಡಿದು ನಿಧಾನವಾಗಿ ಶೋಲಾಕ್ಕೆ ಬಿಟ್ಟುಕೊಡುತ್ತದೆ, ಶೋಲಾ ಅದನ್ನು ಹಳ್ಳಕ್ಕೆ ಇಳಿಸುತ್ತದೆ. ತುಂಗಾ, ಭದ್ರಾ ಮತ್ತು ನೇತ್ರಾವತಿ ಈ ಮೂರೂ ನದಿಗಳ ಮೂಲವೆನಿಸಿದ ಗಂಗಾಮೂಲ ಇರುವುದು ಇದೇ ರಾಷ್ಟ್ರೀಯ ಉದ್ಯಾನದಲ್ಲಿ.

ಹಾನಿ ಹೇಗೆಂಬುದನ್ನು ಕಣ್ಣಾರೆ ಕಾಣಬೇಕಿದ್ದರೆ, ಮುಂದೆ ಟಿಕೆಟ್ ಸಿಕ್ಕಾಗ ಹಾದಿಯಲ್ಲಿ ಸಿಗುವ ಒಂಟಿಮರ ಎಂಬ ಜಾಗ ದಾಟಿದ ಮೇಲಿನ ಏರಿನಲ್ಲಿ ಒಂದು ನಿಮಿಷ ನಿಂತು ಕಾಲಡಿಯ ದಾರಿಯನ್ನು ನೋಡಿ. ಹುಲ್ಲು ಸವೆದು ಕೆಮ್ಮಣ್ಣು ಬಯಲಾದ ಕಡೆ ಮಳೆನೀರು ಹರಿದು, ಕಾಲುದಾರಿ ಅಲ್ಲಲ್ಲಿ ಮೊಣಕಾಲು ಮುಳುಗುವಷ್ಟು ಆಳದ ಕೊರಕಲಾಗಿರುತ್ತದೆ. ಕೊರಕಲಿನಲ್ಲಿ ಕೆಸರೆಂದು ಜನ ಅದರ ಅಂಚಿನ ಹುಲ್ಲಿನ ಮೇಲೆ ನಡೆಯುತ್ತಾರೆ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಅಲ್ಲೊಂದು ಎರಡನೆಯ ದಾರಿ ಮೂಡುತ್ತದೆ, ಮುಂದಿನ ಮಳೆಗೆ ಅದೂ ಕೊರಕಲಾಗುತ್ತದೆ. ಹಾಗೆ ಜಾರಿದ ಮಣ್ಣು ಕೆಳಗಿನ ಹಳ್ಳ ಸೇರುತ್ತದೆಯೇ ಹೊರತು ಮತ್ತೆ ಮೇಲೆ ಬರುವುದಿಲ್ಲ. ಒಬ್ಬರ ನಡಿಗೆಯಿಂದ ಇದು ಆಗುವುದಿಲ್ಲ, ಸಾವಿರ ಮಂದಿ ಒಂದೇ ದಿನ ನಡೆದರೆ ಆಗದೆ ಇರುವುದೂ ಇಲ್ಲ. ಆದ್ದರಿಂದ ಕೆಸರಿದ್ದರೂ ಇರುವ ದಾರಿಯ ನಡುವೆಯೇ, ಒಬ್ಬರ ಹಿಂದೊಬ್ಬರು ನಡೆಯಬೇಕೆಂಬುದು ನನ್ನ ಮೊದಲ ವಿನಂತಿ. ಬೂಟು ಕೆಸರಾದರೆ ತೊಳೆದುಕೊಳ್ಳಬಹುದು.

ಈ ಗುಡ್ಡಗಳು ಹಿಂದೆ ಪಟ್ಟ ಪಾಡನ್ನೂ ನೆನಪಿಡಬೇಕು. ಇಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ನಂತರವೂ ನಡೆಯಿತು. ಜನರ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಬೆಟ್ಟವನ್ನು ಪ್ರೀತಿಯಿಂದ ನೋಡಲು ಬಂದವರೇ ಸವೆಸಿದರೆ ಅದು ಬಹಳ ನೋವಿನ ಸಂಗತಿ. ಸಂಖ್ಯೆಗೆ ಮಿತಿ ಹಾಕದೆ ಬಿಟ್ಟರೆ ಏನಾಗುತ್ತದೆಂಬುದನ್ನು 2024ರ ಗಣರಾಜ್ಯೋತ್ಸವದ ಸಾಲು ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಎಲ್ಲರೂ ಕಂಡರು. ಸಾವಿರಾರು ಜನ ಒಂದೇ ಸಲ ಹತ್ತಿದ ಆ ದೃಶ್ಯದ ಬಳಿಕವೇ ಸರ್ಕಾರ ಚಾರಣಕ್ಕೆ ತಡೆ ನೀಡಿ, ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿಯನ್ನು ಜಾರಿಗೆ ತಂದದ್ದು. ರಜೆಯ ದಿನಗಳನ್ನು ಬಿಟ್ಟು ವಾರದ ನಡುವೆ ಪ್ರಯತ್ನಿಸಿದರೆ ನಿಮಗೆ ಟಿಕೆಟ್ ಸಿಗುವ ಸಂಭವ ಹೆಚ್ಚು.

ಪ್ರಶ್ನೆ: ಚಾರಣದ ನಡುವೆ ಹಳ್ಳ ಸಿಕ್ಕಿದಾಗ ಮಕ್ಕಳು ಸ್ನಾನ ಮಾಡುತ್ತಾರೆ. ಸ್ವಲ್ಪ ಶಾಂಪೂ ಬಳಸಿದರೆ ಹರಿಯುವ ನೀರಿಗೆ ತೊಂದರೆ ಆಗುತ್ತದೆಯೇ? ಇಂಬಳಕ್ಕೆ ಉಪ್ಪು ಹಾಕಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ತೊಂದರೆ ಆಗುತ್ತದೆ. ಕಪ್ಪೆಗಳು ಚರ್ಮದ ಮೂಲಕವೂ ಉಸಿರಾಡುತ್ತವೆ. ನೀರಿಗೆ ಬೆರೆತದ್ದೆಲ್ಲ ಅವುಗಳ ಮೈಗೂ ಇಳಿಯುತ್ತದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಉತ್ತರ ಕನ್ನಡದ ಕಾಡುಹಳ್ಳಗಳಲ್ಲಿ ಕುಂಬಾರ ಕಪ್ಪೆ ಎಂಬುದೊಂದಿದೆ, 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು. ಹೆಣ್ಣು ಹಳ್ಳದ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋದ ಮೇಲೆ, ಗಂಡು ಹಿಂಗಾಲುಗಳ ಮೇಲೆ ನಿಂತು, ಹಳ್ಳದ ತಳದ ಕೆಸರನ್ನು ಮುಂಗೈಗಳಲ್ಲಿ ತಂದು, ಮಡಕೆಗೆ ಮಣ್ಣು ಮೆತ್ತುವ ಹಾಗೆ ಮೊಟ್ಟೆಗಳ ಸುತ್ತ ಮೆತ್ತುತ್ತದೆ. ಹೀಗೆ ಅಂಗೈಯಗಲದ ನೀರು, ಒಂದು ಕಡ್ಡಿ, ಒಂದು ಹಿಡಿ ಕೆಸರನ್ನು ನಂಬಿ ಬದುಕುವ ಜೀವಿಗಳಿರುವ ಕಡೆ ನಾವು ಕಲ್ಲು ಸರಿಸಿ ಹೊಂಡ ಮಾಡುವುದೂ, ಸೋಪು ಹಾಕುವುದೂ ಸರಿಯಲ್ಲ. ಅನುಮತಿ ಇರುವ ಕಡೆ ಮಕ್ಕಳು ಕಾಲು ಇಳಿಬಿಟ್ಟು ಕೂರಲಿ, ಸ್ನಾನ ಹೋಂಸ್ಟೇಗೆ ಮರಳಿದ ಮೇಲಾಗಲಿ.

ಉಪ್ಪು ಬೇಡ. ಇಂಬಳ ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಸರಿಸಿದರೆ ಸಾಕು. ಉದ್ದನೆಯ ಲೀಚ್ ಸಾಕ್ಸ್ ಧರಿಸಿದರೆ ಆ ಕೆಲಸವೂ ತಪ್ಪುತ್ತದೆ. ಕಿತ್ತಳೆ ಸಿಪ್ಪೆ ಕೊಳೆಯುವ ವಸ್ತುವೆಂದು ಎಸೆಯುವವರೂ ಇದ್ದಾರೆ. ಅದು ಕೊಳೆಯುವ ಮೊದಲೇ ಮಂಗಗಳಿಗೆ ರುಚಿ ಹತ್ತಿಸುತ್ತದೆ, ಮುಂದಿನ ಚಾರಣಿಗರ ಚೀಲಕ್ಕೆ ಅವು ಕೈಹಾಕುವುದು ಅಲ್ಲಿಂದಲೇ ಶುರುವಾಗುತ್ತದೆ. ತಂದದ್ದೆಲ್ಲ, ಸಿಪ್ಪೆಯೂ ಸೇರಿ, ವಾಪಸು ಚೀಲದಲ್ಲೇ ಬರಬೇಕು.

ಪ್ರಶ್ನೆ: ಫೆಬ್ರುವರಿಯಿಂದ ಮೇವರೆಗೆ ಮಳೆಯೂ ಇಲ್ಲ, ಜಾರಿಕೆಯೂ ಇಲ್ಲ. ಚಾರಣಕ್ಕೆ ಹೇಳಿ ಮಾಡಿಸಿದ ಆ ದಿನಗಳಲ್ಲೇ ಹಾದಿಗಳನ್ನು ಏಕೆ ಮುಚ್ಚುತ್ತಾರೆ?
– ವಿದ್ಯಾರ್ಥಿಯೊಬ್ಬರು, ಹುಬ್ಬಳ್ಳಿ

ಉತ್ತರ: ಬೆಂಕಿಯ ಭಯದಿಂದ. ಆ ತಿಂಗಳುಗಳಲ್ಲಿ ಆಳೆತ್ತರದ ಹುಲ್ಲು ಪೂರ್ತಿ ಒಣಗಿರುತ್ತದೆ. ಒಂದು ಬೀಡಿಯ ತುಂಡು ಗಾಳಿಗೆ ಹೊತ್ತಿಕೊಂಡರೆ ಗುಡ್ಡದ ಒಂದು ಬದಿಯೇ ಉರಿದುಹೋಗುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದು ನಿಮಗೆ ನೆನಪಿರಬಹುದು. ಬೆಂಕಿ ಬಿದ್ದಾಗ ಅದನ್ನು ಆರಿಸುವುದು ಬಹುಮಟ್ಟಿಗೆ ಕೈಯಿಂದಲೇ: ಅರಣ್ಯ ರಕ್ಷಕರು, ವಾಚರುಗಳು ಹಸಿ ಸೊಪ್ಪಿನ ಕೊಂಬೆ ಹಿಡಿದು, ಹೊಗೆಯಲ್ಲಿ ಕಣ್ಣು ಬಿಡಲಾಗದೆ, ಉರಿಯ ಅಂಚನ್ನು ಬಡಿಯುತ್ತ ಗಂಟೆಗಟ್ಟಲೆ ನಡೆಯುತ್ತಾರೆ. ಆ ಹೊತ್ತಿನಲ್ಲಿ ಶಿಖರದ ಮೇಲೆ ಚಾರಣಿಗರು ಸಿಕ್ಕಿಬಿದ್ದರೆ ಅವರನ್ನು ಕೆಳಗಿಳಿಸುವ ಹೊಣೆಯೂ ಇದೇ ಜನರ ಮೇಲೆ ಬೀಳುತ್ತದೆ. ಇದರ ಜೊತೆಗೆ, ಉಣುಗುಗಳಿಂದ ಹರಡುವ ಮಂಗನ ಕಾಯಿಲೆ ಮಲೆನಾಡಿನಲ್ಲಿ ಹೆಚ್ಚಾಗುವುದೂ ಇದೇ ಒಣ ತಿಂಗಳುಗಳಲ್ಲಿ.

ಬೇಸಿಗೆಯಲ್ಲಿ ಹೊರಗೆ ಹೋಗಲೇಬೇಕೆಂದಿದ್ದರೆ ರಂಗನತಿಟ್ಟಿಗೆ ಹೋಗಿ. 1940ರಿಂದ ಪಕ್ಷಿಧಾಮವಾಗಿರುವ ಆ ತಾಣದಲ್ಲಿ ಆ ಸಮಯದಲ್ಲಿ ಗೂಡುಗಳ ತುಂಬ ಮರಿಗಳಿರುತ್ತವೆ. ಎಲ್ಲಿಯಾದರೂ ಕಾಡಿನ ಕಡೆ ಹೊಗೆ ಕಂಡರೆ ಫೋಟೊ ತೆಗೆಯುವ ಮೊದಲು ಅರಣ್ಯ ಸಹಾಯವಾಣಿ 1926ಕ್ಕೆ ಕರೆಮಾಡಿ ಜಾಗದ ಗುರುತು ತಿಳಿಸಿ.

ಪ್ರಶ್ನೆ: ನಾವು ಕಳಸದ ಕಡೆಯವರು, ಚಿಕ್ಕ ಹೋಂಸ್ಟೇ ನಡೆಸುತ್ತೇವೆ. ಮಿತಿ ಬಂದ ಮೇಲೆ ಬರುವವರು ಕಡಿಮೆಯಾದರು. ಸಂರಕ್ಷಣೆಯ ಭಾರವನ್ನು ನಾವೇ ಏಕೆ ಹೊರಬೇಕು?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ನಿಮ್ಮ ಮಾತಿನಲ್ಲಿ ನ್ಯಾಯವಿದೆ, ಅದನ್ನು ತಳ್ಳಿಹಾಕುವುದು ನನ್ನಿಂದಾಗದು. ಕಾಡಂಚಿನಲ್ಲಿ ತಲೆಮಾರುಗಳಿಂದ ಇರುವವರ ಸಂಪಾದನೆ ಕುಗ್ಗಿದರೆ ಯಾವ ಸಂರಕ್ಷಣೆಯೂ ಬಹುಕಾಲ ಬಾಳುವುದಿಲ್ಲ. ಚಾರಣದ ಶುಲ್ಕದಲ್ಲಿ ಒಂದು ಪಾಲು ಹಾದಿಯ ದುರಸ್ತಿಗೂ ಸ್ಥಳೀಯ ಮಾರ್ಗದರ್ಶಕರ ಸಂಬಳಕ್ಕೂ ನೇರವಾಗಿ ಸಲ್ಲಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ನಿಮ್ಮ ಊರಿನವರು ಒಟ್ಟಾಗಿ ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ಕೇಳಬೇಕಾದದ್ದೂ ಅದನ್ನೇ.

ಆದರೆ ಬಂದವರಿಗೆಲ್ಲ ಶಿಖರವನ್ನೇ ತೋರಿಸಬೇಕೆಂದಿಲ್ಲ. ಮಳೆ ಇಳಿಮುಖವಾದಾಗ ಜೌಗು ಹುಲ್ಲಿನ ನಡುವೆ ಡ್ರಾಸೆರಾ ಎಂಬ ಕೀಟಾಹಾರಿ ಗಿಡ ಬೆಳೆಯುತ್ತದೆ. ಒಂದು ರೂಪಾಯಿ ನಾಣ್ಯದಷ್ಟೇ ಅಗಲ. ಎಲೆಯ ಕೆಂಪು ಕೂದಲುಗಳ ತುದಿಯಲ್ಲಿ ಅಂಟಿನ ಹನಿ, ಅದಕ್ಕೆ ಸಿಕ್ಕಿಕೊಂಡ ನುಸಿ. ಬಗ್ಗಿ ನೋಡದವರಿಗೆ ಅದು ಕಾಣುವುದೇ ಇಲ್ಲ. ನಿಮ್ಮ ತೋಟದ ಬದುವಿನಲ್ಲಿ, ನಿಮ್ಮದೇ ಜಮೀನಿನ ಹಳ್ಳದ ದಂಡೆಯಲ್ಲಿ ಇಂಥವನ್ನು ಹೆಸರಿಟ್ಟು ತೋರಿಸಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ, ಟಿಕೆಟ್ ಸಿಗದೆ ಉಳಿದ ಅತಿಥಿಗಳು ಇನ್ನೊಂದು ದಿನ ನಿಮ್ಮಲ್ಲೇ ತಂಗುತ್ತಾರೆ. ಅದಕ್ಕೆ ಯಾವ ಮಿತಿಯೂ ಅಡ್ಡಬರುವುದಿಲ್ಲ.