ನಿಮ್ಮ ಪ್ರಶ್ನೆ, ನನ್ನ ಉತ್ತರ: ಪುಟ್ಟವರ ಜೊತೆ ವಾರಾಂತ್ಯದ ತಿರುಗಾಟ

ರಜೆಯ ಓಡಾಟದ ಬಗ್ಗೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೇ ತಡ, ಪತ್ರಗಳ ರಾಶಿ ಬಂತು. ಅರ್ಧಕ್ಕರ್ಧ ಗೋಳು, ಉಳಿದರ್ಧ ಗಂಡ-ಹೆಂಡಿರ ಜಗಳಕ್ಕೆ ನನ್ನಿಂದ ತೀರ್ಪು ಕೇಳಿ ಬಂದವು. ಇಪ್ಪತ್ತೆರಡು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಆದರೂ ಸ್ವಂತ ಮಗನನ್ನು ಕಟ್ಟಿಕೊಂಡು ಹೊರಟಾಗ ಮಾಡಿದ ಎಡವಟ್ಟುಗಳು ಒಂದೆರಡಲ್ಲ. ಉತ್ತರಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದವು.

*ನಮ್ಮ ಮಗನಿಗೆ ಎರಡು ವರ್ಷ ಮೂರು ತಿಂಗಳು. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಹಾಗಾಗಿ ಶನಿವಾರ, ಭಾನುವಾರ ಎಲ್ಲಾದರೂ ಹೊರಡುತ್ತೇವೆ. ಮಧ್ಯಾಹ್ನವಾಗುವಷ್ಟರಲ್ಲಿ ಅವನ ರಂಪ ಶುರು, ನೆಲದ ಮೇಲೆ ಬಿದ್ದು ಹೊರಳಾಡುತ್ತಾನೆ. ಕಳೆದ ವಾರ ಮೂರು ಜಾಗ ನೋಡೋಣ ಅಂತ ಹೋಗಿ ಒಂದನ್ನೂ ನೆಟ್ಟಗೆ ನೋಡದೆ ಬಂದೆವು. 'ಇವನು ದೊಡ್ಡವನಾಗುವ ತನಕ ಮನೆಯಲ್ಲೇ ಬಿದ್ದಿರೋಣ' ಅಂತಾರೆ ನನ್ನವರು. ನಾವು ಎಡವುತ್ತಿರುವುದು ಎಲ್ಲಿ?*
— ವಾರವೆಲ್ಲ ದಣಿದ ಅಮ್ಮ

ಎಡವಿದ ಜಾಗ ನಿಮ್ಮ ಪತ್ರದಲ್ಲೇ ಇದೆಯಲ್ಲ. ಮೂರು ಜಾಗ!

ನಮ್ಮ ಯಜಮಾನರೂ ಹೀಗೇ. ಹೊರಡುವ ಹಿಂದಿನ ರಾತ್ರಿ ಕೂತು ಪಟ್ಟಿ ಬರೆಯುವವರು: 9.40ಕ್ಕೆ ಕೋಟೆ, 11.15ಕ್ಕೆ ಮ್ಯೂಸಿಯಂ, 12.30ಕ್ಕೆ ಊಟ. ಕೋಟೆಯ ಬಾಗಿಲಲ್ಲೇ ಮಗ ಚಪ್ಪಲಿ ಬಿಚ್ಚಿ ಕೂತುಬಿಟ್ಟ. ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು. ಪಟ್ಟಿ ಯಜಮಾನರ ಜೇಬಿನಲ್ಲೇ ಬೆವರಿಗೆ ಮುದ್ದೆಯಾಯಿತು.

ರಂಪ ಯಾವ ಹೊತ್ತಿಗೆ ಶುರುವಾಗುತ್ತದೆ ಎಂದು ನೀವೇ ಬರೆದಿದ್ದೀರಿ. ಮಧ್ಯಾಹ್ನ, ಅಂದರೆ ಅವನ ನಿದ್ದೆಯ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿಮ್ಮ ಮಗನ ವಯಸ್ಸಿನವರಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನದೂ ಸೇರಿ. ಹಗಲಿನ ನಿದ್ದೆ ತಪ್ಪಿಸಿ ಎರಡನೇ ಜಾಗಕ್ಕೆ ಎಳೆದುಕೊಂಡು ಹೋದರೆ ಅವನು ಹೊರಳಾಡದೆ ಇನ್ನೇನು ಮಾಡಿಯಾನು? ಅದು ಹಟವಲ್ಲ, ನಿದ್ದೆಗೆಟ್ಟ ಸಂಕಟ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ: ಈ ವಯಸ್ಸಿನವರನ್ನು ತಳ್ಳುಗಾಡಿಯಲ್ಲಾಗಲಿ, ಬೆನ್ನಿಗೆ ಕಟ್ಟಿಕೊಂಡಾಗಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಹಾಕಬಾರದು. ಕಾರಿನಲ್ಲಿ ಎರಡು ಗಂಟೆ, ಇಳಿದ ಕೂಡಲೇ ತಳ್ಳುಗಾಡಿಯಲ್ಲಿ ಒಂದು ಗಂಟೆ ಆದರೆ ಲೆಕ್ಕ ಹಾಕಿ ನೋಡಿ.

ಇನ್ನು ಮುಂದೆ ದಿನಕ್ಕೆ ಒಂದೇ ಜಾಗ. ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಬಾಯಿಬಿಟ್ಟು ಹೇಳಬೇಡಿ, ಅದರಲ್ಲೂ ಯಜಮಾನರ ಮುಂದೆ. ಬೆಳಗ್ಗೆ ಬೇಗ ತಲುಪಿ, ಇಳಿದ ಮೇಲೆ ಮೊದಲ ಅರ್ಧ ಗಂಟೆ ಓಡಲು ಬಿಡಿ. ವಾಪಸು ಬರುವ ದಾರಿ ಅವನ ನಿದ್ದೆಯ ಹೊತ್ತಿಗೆ ಬೀಳಲಿ. ಟಿಕೆಟ್ ಕೊಟ್ಟು ಒಳಗೆ ಹೋಗಿ ನೋಡಲೇಬೇಕಾದ್ದು ಏನಾದರೂ ಇದ್ದರೆ ಸರದಿಯ ಮೇಲೆ ಹೋಗಿ: ಒಬ್ಬರು ಒಳಗೆ, ಒಬ್ಬರು ಮಗುವಿನ ಜೊತೆ ಹೊರಗೆ. ನಾನು ಎಷ್ಟೋ ಜಾಗಗಳನ್ನು ಹೀಗೆ ಒಬ್ಬಳೇ ನೋಡಿದ್ದೇನೆ, ನಿಜ ಹೇಳಬೇಕೆಂದರೆ ಹಾಗೆ ನೋಡಿದ್ದೇ ಚೆನ್ನಾಗಿತ್ತು.

ಜಾರುಬಂಡೆಯ ಆಟ ಬಿಡಿಸಿ ಹೊರಡಿಸುವುದೇ ದೊಡ್ಡ ಪಾಡು, ಗೊತ್ತು. 'ಐದು ನಿಮಿಷ, ಆಮೇಲೆ ಹೋಗೋಣ' ಎಂದರೆ ಎರಡು ವರ್ಷದವನಿಗೆ ಅರ್ಥವಾಗುವುದಿಲ್ಲ, ಅವನ ತಲೆಯಲ್ಲಿ ನಿಮಿಷ ಎಂಬುದೇ ಇಲ್ಲ. 'ಇನ್ನು ಮೂರು ಸಲ ಜಾರು, ಆಮೇಲೆ ಚಪ್ಪಲಿ' ಅನ್ನಿ. ಒಂದೊಂದು ಸಲ ಜಾರಿದಾಗಲೂ ಜೋರಾಗಿ ಎಣಿಸಿ. ಮೂರನೆಯದಾದ ಮೇಲೆ ನಾಲ್ಕನೆಯದಕ್ಕೆ ಒಪ್ಪಿದಿರೋ, ಕೆಟ್ಟಿರಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವಿಬ್ಬರೂ ಕೆಲಸಕ್ಕೆ ಹೋಗುವವರು, ಮಗು ವಾರವೆಲ್ಲ ಬೇರೆಯವರ ಸುಪರ್ದಿಯಲ್ಲಿ ಇರುವುದಾದರೆ, ಅಪ್ಪ-ಅಮ್ಮ ಇಬ್ಬರೂ ಇರುವ ಮನೆಯೇ ಅವನಿಗೆ ಅಪರೂಪದ ಜಾಗ. ತಿಂಗಳಿಗೆ ಎರಡು ವಾರಾಂತ್ಯ ಎಲ್ಲಿಗೂ ಹೋಗಬೇಡಿ. ಆ ಮಟ್ಟಿಗೆ ನಿಮ್ಮವರ ಮಾತು ಸರಿ.

*ನಾಲ್ಕು ವರ್ಷದ ಮಗಳಿಗೆ ಕಾರು ಹತ್ತಿ ಅರ್ಧ ಗಂಟೆಯಲ್ಲಿ ವಾಂತಿ. ಸುಮ್ಮನಿರಲಿ ಅಂತ ಮೊಬೈಲ್ ಕೊಡುತ್ತೇವೆ. ಎರಡು ವರ್ಷದವಳಿದ್ದಾಗ ಏನೂ ಆಗುತ್ತಿರಲಿಲ್ಲ, ಈಗ ಯಾಕೆ?*
— ಚೀಲ ಹಿಡಿದು ಕೂರುವ ಅಪ್ಪ

ಎರಡು ವರ್ಷದೊಳಗಿನವರಿಗೆ ಪ್ರಯಾಣದ ವಾಂತಿ ಬರುವುದೇ ಅಪರೂಪ. ಆಮೇಲೆ ಶುರುವಾಗಿ 6ರಿಂದ 12 ವರ್ಷದ ನಡುವೆ ಹೆಚ್ಚಾಗಿರುತ್ತದೆ, ದೊಡ್ಡವರಾಗುತ್ತಾ ಬಹಳಷ್ಟು ಮಕ್ಕಳಿಗೆ ತಾನಾಗಿ ತಗ್ಗುತ್ತದೆ. ಒಳಕಿವಿ 'ಚಲಿಸುತ್ತಿದ್ದೇವೆ' ಅನ್ನುತ್ತದೆ, ಮೊಬೈಲ್ ನೋಡುವ ಕಣ್ಣು 'ಇಲ್ಲ, ಎಲ್ಲ ನಿಂತಿದೆ' ಅನ್ನುತ್ತದೆ. ಈ ಎರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಹಾಗಾಗಿ ಮೊದಲು ಮೊಬೈಲ್ ಕಿತ್ತುಕೊಳ್ಳಿ. ಮಕ್ಕಳ ಸೀಟು ಕಿಟಕಿಯ ಹೊರಗೆ ಕಾಣುವಷ್ಟು ಎತ್ತರದಲ್ಲಿರಲಿ, ದೂರದ ಬೆಟ್ಟವೋ ಮರವೋ ತೋರಿಸಿ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವಷ್ಟೂ ಬೇಡ. ಗಾಳಿ ಆಡಲಿ. ಕಾರಿಗೆ ಸೆಂಟು ಹೊಡೆಯುವುದನ್ನು ನಿಲ್ಲಿಸಿ. ಔಷಧಿಯನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ, ದೊಡ್ಡವರ ಮಾತ್ರೆ ಮುರಿದು ಅರ್ಧ ಕೊಡುವುದಂತೂ ಬೇಡವೇ ಬೇಡ.

ವಟವಟ ಅನ್ನುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದರೆ, ಮೇಲಿಂದ ಮೇಲೆ ಆಕಳಿಸಿದರೆ, ತುಟಿಯ ಸುತ್ತ ಬಿಳಿಚಿಕೊಂಡರೆ ಸುರಕ್ಷಿತ ಜಾಗ ನೋಡಿ ತಕ್ಷಣ ಗಾಡಿ ನಿಲ್ಲಿಸಿ, ಇಳಿಸಿ ನಾಲ್ಕು ಹೆಜ್ಜೆ ನಡೆಸಿ.

ಬದಲಿ ಬಟ್ಟೆ ಒಯ್ಯುತ್ತೀರಿ ಅಂದುಕೊಂಡಿದ್ದೇನೆ. ಯಾರಿಗೆ? ನಾನೊಮ್ಮೆ ಮಗನಿಗೆ ಮೂರು ಜೊತೆ ಮಡಿಸಿಟ್ಟುಕೊಂಡು ಹೊರಟಿದ್ದೆ, ಅವನು ನೇರ ನನ್ನ ಮಡಿಲಿಗೆ ಕಕ್ಕಿದ. ಅವನ ಬಟ್ಟೆಗೆ ಒಂದು ಹನಿಯೂ ಬಿದ್ದಿರಲಿಲ್ಲ. ಉಳಿದ ಮೂರು ಗಂಟೆ ಯಜಮಾನರ ಅಂಗಿ ತೊಟ್ಟು ಕೂತಿದ್ದೆ.

*ಎಂಟು ತಿಂಗಳ ಮಗುವಿನೊಂದಿಗೆ ಮೊದಲ ಸಲ ವಿಮಾನ ಹತ್ತುತ್ತಿದ್ದೇವೆ. ಕಿವಿ ನೋಯುತ್ತದೆ ಅಂತಾರಲ್ಲ?*
— ಹೊಸ ಅಪ್ಪ-ಅಮ್ಮ

ನೋವು ಹೆಚ್ಚಾಗಿ ಬರುವುದು ವಿಮಾನ ಕೆಳಗಿಳಿಯುವಾಗ. ಕಿವಿಯಿಂದ ಗಂಟಲಿಗೆ ಹೋಗುವ ಸಣ್ಣ ನಾಳ ಮಕ್ಕಳಲ್ಲಿ ಕಿರಿದು, ಹೆಚ್ಚುಕಮ್ಮಿ ಅಡ್ಡಡ್ಡ. ಹೊರಗಿನ ಒತ್ತಡ ಏರಿದಂತೆ ಅದು ಬೇಗ ತೆರೆದುಕೊಳ್ಳುವುದಿಲ್ಲ. ನುಂಗಿದರೆ ತೆರೆಯುತ್ತದೆ. ಇಳಿಯಲು ಶುರುವಾಗುತ್ತಿದೆ ಎಂಬ ಘೋಷಣೆ ಕೇಳಿದ ಕೂಡಲೇ ಮಗುವನ್ನು ಎಬ್ಬಿಸಿ ಹಾಲು ಕುಡಿಸಿ. ಮಲಗಿದ ಮಗುವನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ, ಆದರೂ ಎಬ್ಬಿಸಿ. ನಿದ್ದೆಯಲ್ಲಿ ಮಕ್ಕಳು ನುಂಗುವುದು ಕಡಿಮೆ. ಏರುವಾಗಲೇ ಎಲ್ಲ ಹಾಲು ಕುಡಿಸಿ ಮುಗಿಸಬೇಡಿ, ಹೊಟ್ಟೆ ತುಂಬಿದ್ದರೆ ಇಳಿಯುವಾಗ ಬಾಯಿ ತೆರೆಯುವುದಿಲ್ಲ. ಜೋರು ನೆಗಡಿ ಅಥವಾ ಕಿವಿಸೋಂಕು ಇದ್ದರೆ ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ.

*ದಾರಿಯಲ್ಲಿ ಮಗು ಕಾರಿನಲ್ಲೇ ಮಲಗಿರುತ್ತದೆ. ಕಿಟಕಿ ಸ್ವಲ್ಪ ಇಳಿಸಿ ಐದು ನಿಮಿಷ ಬಿಟ್ಟು ಹೋದರೆ ತೊಂದರೆಯೇ?*
— ಹೆಸರು ಬೇಡ

ಬಿಡಬೇಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಕಿಟಕಿ ಸ್ವಲ್ಪ ಇಳಿಸಿದ್ದರೂ ಅಷ್ಟೇ. ಮಗುವಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಮತ್ತೆ, ಐದು ನಿಮಿಷಕ್ಕೆಂದು ಹೋದ ಕೆಲಸ ಎಂದಾದರೂ ಐದೇ ನಿಮಿಷದಲ್ಲಿ ಮುಗಿದದ್ದುಂಟೆ?

*ಮೊಮ್ಮಗನಿಗೆ ಎರಡೂವರೆ ವರ್ಷ. ಈ ವಯಸ್ಸಿನ ಮಗುವಿಗೆ ಏನೂ ನೆನಪಿರುವುದಿಲ್ಲ, ಊರೂರು ಸುತ್ತಿಸುವುದು ದಂಡ ಎನ್ನುತ್ತೇನೆ ನಾನು. ಮಗ-ಸೊಸೆ ಒಪ್ಪುವುದಿಲ್ಲ. ಯಾರು ಸರಿ?*
— ಒಬ್ಬ ತಾತ

ಅರ್ಧ ನೀವು ಸರಿ, ತಾತ. ಮೂರು, ಮೂರೂವರೆ ವರ್ಷಕ್ಕೆ ಮೊದಲಿನ ಘಟನೆಗಳು ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಹಾಗೆಂದು ಈಗ ಅವನ ತಲೆಯಲ್ಲಿ ಏನೂ ನಿಲ್ಲುವುದಿಲ್ಲ ಎಂದಲ್ಲ. ಅಮೆರಿಕದ ಮನೋವಿಜ್ಞಾನಿ ಕ್ಯಾರೊಲಿನ್ ರೋವೀ-ಕಾಲಿಯರ್ ಮೂರು ತಿಂಗಳ ಕೂಸುಗಳ ಕಾಲಿಗೆ ರಿಬ್ಬನ್ ಕಟ್ಟಿ ತೊಟ್ಟಿಲ ಮೇಲೆ ತೂಗುವ ಆಟಿಕೆಗೆ ಸೇರಿಸಿದರು. ಕಾಲು ಒದ್ದರೆ ಆಟಿಕೆ ಕುಣಿಯುತ್ತದೆ. ಕೆಲವು ದಿನ ಬಿಟ್ಟು ಅದೇ ಆಟಿಕೆ ತೋರಿಸಿದಾಗ ಕೂಸುಗಳು ತಾವಾಗಿ ಒದೆಯತೊಡಗಿದವು. ಮೂರು ತಿಂಗಳಿಗೇ ಅಷ್ಟಾದರೆ, ಎರಡೂವರೆ ವರ್ಷದವನು ಹೋದ ಭಾನುವಾರದ್ದನ್ನು ಈ ಭಾನುವಾರ ಮರೆತಿರುತ್ತಾನೆಯೇ?

ನೀವು ಯಾವುದನ್ನು ನೋಡಲು ಹೋಗಿದ್ದಿರೋ ಅದು ಅವನ ನೆನಪಿನಲ್ಲಿರುತ್ತದೆ ಎಂದು ಮಾತ್ರ ಕಾಯಬೇಡಿ. ನಾವೊಮ್ಮೆ ದೊಡ್ಡ ಜಲಪಾತ ನೋಡಲು ಹೋಗಿದ್ದೆವು. ಕಾರು ನಿಲ್ಲಿಸುವ ಜಾಗದಲ್ಲಿ ಮಳೆನೀರು ಹೋಗಲು ಕಬ್ಬಿಣದ ಜಾಲರಿ ಹಾಕಿದ್ದರು. ಮಗ ಅದರ ಸಂದಿಯಿಂದ ಒಂದು ಕಲ್ಲು ಬಿಟ್ಟ. ಒಂದು ಕ್ಷಣ ಸದ್ದಿಲ್ಲ, ಆಮೇಲೆ ಕೆಳಗಿನಿಂದ 'ಡುಬುಕ್'. ಮುಖ ಎತ್ತಿ ನನ್ನನ್ನು ನೋಡಿದ. ಇನ್ನೊಂದು ಕಲ್ಲು. ದಪ್ಪ ಕಲ್ಲುಗಳು ಸಂದಿಯಲ್ಲಿ ತೂರುತ್ತಿರಲಿಲ್ಲ, ಅವನ್ನು ಪಕ್ಕಕ್ಕೆ ಸಾಲಾಗಿ ಇಡುತ್ತಾ ಹೋದ. ನಲವತ್ತು ನಿಮಿಷ. ಜಲಪಾತವನ್ನು ಯಜಮಾನರು ನೋಡಿ ಬಂದರು. ಮುಂದೆ ಎಷ್ಟೋ ವಾರ, ಬೀದಿಯಲ್ಲಿ ಜಾಲರಿ ಕಂಡಲ್ಲೆಲ್ಲ ಅವನು ನಿಂತು 'ಡುಬುಕ್' ಅನ್ನುತ್ತಿದ್ದ.

ಮುಂದಿನ ಸಲ ಅವರು ಹೊರಟಾಗ ನೀವೂ ಹೋಗಿ ತಾತ. ಟಿಕೆಟ್ ಸಾಲಿನಲ್ಲಿ ನಿಲ್ಲಲು ಒಬ್ಬರು ಬೇಕಾಗುತ್ತದೆ, ಸಣ್ಣ ಕಲ್ಲು ಆರಿಸಿಕೊಡಲು ಇನ್ನೊಬ್ಬರು.