ಕುಕೂಸ್ ನೆಸ್ಟ್ ಕಾದಂಬರಿಯಲ್ಲಿ ಕಥೆ ಹೇಳುವವನು ಮ್ಯಾಕ್‌ಮರ್ಫಿ ಯಾಕಲ್ಲ?

1975ರ ಸಿನಿಮಾ ಮಾತ್ರ ನೋಡಿದವರಿಗೆ ಈ ಪ್ರಶ್ನೆ ಬರುವುದು ಸಹಜ, ಮಾನಸಿಕ ಆಸ್ಪತ್ರೆಗೆ ಹೊಸದಾಗಿ ಬಂದು ಅಲ್ಲಿನ ಅಧಿಕಾರಕ್ಕೆ ಸವಾಲು ಹಾಕುವ ರೋಗಿ ಮ್ಯಾಕ್‌ಮರ್ಫಿಯೇ ಅದರ ನಾಯಕ. ಕೆನ್ ಕೀಸಿ 1962ರಲ್ಲಿ ಪ್ರಕಟಿಸಿದ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' ಪೂರ್ತಿ ಅದೇ ವಾರ್ಡಿನ ಇನ್ನೊಬ್ಬ ರೋಗಿ ಚೀಫ್ ಬ್ರಾಮ್ಡೆನ್ ಹೇಳುವ ಕಥೆ.

ಬ್ರಾಮ್ಡೆನ್‌ನ ಅಪ್ಪ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಮುಖಂಡ. ಅವರ ಮೀನು ಹಿಡಿಯುವ ಜಲಪಾತ ಸರ್ಕಾರದ ಅಣೆಕಟ್ಟಿಗೆ ಬಲಿಯಾಗಿದೆ. ಆಸ್ಪತ್ರೆಯಲ್ಲಿ ಬ್ರಾಮ್ಡೆನ್ ಕಿವುಡ, ಮೂಗನಂತೆ ನಟಿಸುತ್ತಾ ಕಸ ಗುಡಿಸಿಕೊಂಡಿರುತ್ತಾನೆ. ಹಾಗಾಗಿ ಸಿಬ್ಬಂದಿ ಅವನೆದುರೇ ಎಲ್ಲ ಗುಟ್ಟನ್ನೂ ಮಾತಾಡುತ್ತಾರೆ. ಮ್ಯಾಕ್‌ಮರ್ಫಿ ಬರುವ ಮೊದಲೇ ವಾರ್ಡ್ ಹೇಗಿತ್ತು, ಅವನು ಬಂದಮೇಲೆ ಏನಾಯಿತು ಎಂದು ಹೇಳಬಲ್ಲವನು ಇವನೊಬ್ಬನೇ. ಗೋಡೆಯೊಳಗೆ ಯಂತ್ರಗಳಿವೆ, ವಾರ್ಡಿಗೆ ಮಂಜು ಬಿಡುತ್ತಾರೆ ಅನ್ನುವುದು ಅವನ ಭ್ರಮೆ ನಿಜ, ಆದರೆ ಆಸ್ಪತ್ರೆಯ ಅಧಿಕಾರವನ್ನು ಅದಕ್ಕಿಂತ ಚೆನ್ನಾಗಿ ವರ್ಣಿಸಲು ಸಾಧ್ಯವಿಲ್ಲ.

ಟಿವಿಯಲ್ಲಿ ಬೇಸ್‌ಬಾಲ್ ನೋಡಲು ನಡೆಯುವ ಮತದಾನವನ್ನೇ ನೋಡಿ. 20 ಕೈ ಏಳುತ್ತವೆ. ವಾರ್ಡಿನಲ್ಲಿ 40 ಜನರಿದ್ದಾರೆ, ಬಹುಮತವಿಲ್ಲ ಎನ್ನುತ್ತಾಳೆ ವಾರ್ಡನ್ನು ಆಳುವ ನರ್ಸ್ ರ್ಯಾಚೆಡ್. ಉಳಿದವರಲ್ಲಿ ಹೆಚ್ಚಿನವರಿಗೆ ಸುತ್ತ ಏನು ನಡೆಯುತ್ತಿದೆ ಎಂಬ ಅರಿವೇ ಇಲ್ಲ! ಕೊನೆಗೆ ಬ್ರಾಮ್ಡೆನ್ ಕೈ ಎತ್ತುತ್ತಾನೆ. ಅಷ್ಟರಲ್ಲಿ ಸಭೆ ಮುಗಿಯಿತು ಎಂದುಬಿಡುತ್ತಾಳೆ. ಕಾದಂಬರಿಯಲ್ಲಿ ಆ ಕೈ ಎತ್ತುವ ಕ್ಷಣವನ್ನು ನಾವು ಅವನ ಒಳಗಿನಿಂದ ನೋಡುತ್ತೇವೆ. ಪರದೆಯ ಮೇಲೆ ಅದು ಹೊರಗಿನಿಂದಷ್ಟೇ ಕಾಣುತ್ತದೆ. ಸಿನಿಮಾ ಬ್ರಾಮ್ಡೆನ್‌ನ ನಿರೂಪಣೆ ಕೈಬಿಟ್ಟದ್ದು ಕೀಸಿಗೆ ಹಿಡಿಸಿರಲಿಲ್ಲ.

ಕೀಸಿ ಸ್ವತಃ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವರು, ವಾರ್ಡಿನ ವಿವರಗಳು ಅಲ್ಲಿಂದ ಬಂದವು. ಹೆಂಗಸರ ಚಿತ್ರಣ ಮಾತ್ರ ನನಗೆ ಈಗಲೂ ಇಷ್ಟವಾಗಿಲ್ಲ.